ದವಡೆ ಕಳಚುವ ನಾಗಿ

ಕಾನಸೂರಿನ ನಾಗಿಗೆ ಬಾಯ್ತುಂಬ ಆಕಳಿಸುವ ಭಾಗ್ಯ ಇರಲಿಲ್ಲ. ಆಕಳಿಕೆ ಬರುತ್ತಿದೆ ಎನ್ನುವಾಗಲೇ ಗಲ್ಲದ ಕೆಳಗೆ ಮುಷ್ಟಿ ಕೊಟ್ಟು ಅರ್ಧಕ್ಕೇ ನುಂಗಬೇಕು. ತಪ್ಪಿದರೆ ಕಿವಿಯ ಬುಡದ ಕೀಲು ಕಳಚಿ, ಕೆಳದವಡೆ ಮುಂದೆ ಸರಿದು, ತೆರೆದ ಬಾಯಿ ತೆರೆದೇ ನಿಲ್ಲುತ್ತಿತ್ತು. ಜೊಲ್ಲು ಸುರಿಯುತ್ತಿತ್ತು. ದವಡೆ ಜಾರಿದೆ ಎಂದು ಹೇಳಲಿಕ್ಕೂ ಅದೇ ದವಡೆ ಬೇಕಲ್ಲ! 'ಆ... ಆ...' ಎನ್ನುವುದೊಂದೇ ದಾರಿ.

ಊರಿಗೆ ಅಷ್ಟು ಸಾಕಾಯಿತು. ಆಕಳಿಸುವಾಗ ಬಾಯಿಯ ಮುಂದೆ ಚಿಟಿಕೆ ಹೊಡೆಯಬೇಕು, ಇಲ್ಲದಿದ್ದರೆ ದೆವ್ವದ ಗಾಳಿ ಒಳಹೊಗುತ್ತದೆ ಎಂಬುದು ಅಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನಾಗಿಯ ಕೈ ಗಲ್ಲದ ಕೆಳಗೆ, ಚಿಟಿಕೆಗೆ ಬಿಡುವೆಲ್ಲಿ? ಹೀಗಾಗಿ ಹನ್ನೊಂದು ವರ್ಷದಲ್ಲಿ ಚೌಡಿಯ ಕಾಟ, ಬಾಣಂತಿ ದೆವ್ವ, ಬರೀ ಹುಚ್ಚು ಎಂದು ಊರವರು ಅವಳಿಗೆ ಕಾಯಿಲೆ ಬದಲಾಯಿಸುತ್ತಲೇ ಬಂದರು. ಕೀಲಿನ ಹೆಸರು ಮಾತ್ರ ಯಾರೂ ಎತ್ತಲಿಲ್ಲ.

ಎತ್ತಿದವರು ಶಿರಸಿಯ ಹಲ್ಲಿನ ಡಾಕ್ಟರು. ಹೆಬ್ಬೆರಳುಗಳಿಗೆ ಬಟ್ಟೆ ಸುತ್ತಿ, ಕೆಳಗಿನ ದವಡೆಹಲ್ಲುಗಳ ಮೇಲೆ ಒತ್ತಿ ಹಿಂದಕ್ಕೆ ದೂಡಿದರು. ಕಟಕ್. ಬಾಯಿ ಮುಚ್ಚಿತು. ಕೀಲು ಸಡಿಲ ಅಷ್ಟೇ, ತಲೆಗೂ ಇದಕ್ಕೂ ಸಂಬಂಧ ಇಲ್ಲ ಎಂದು ಚೀಟಿ ಬರೆದು, ಜೊತೆಗೆ ಬಂದಿದ್ದ ನಾಗಿಯ ಮಗಳು ನೇತ್ರಾಗೂ ಆ ವಿದ್ಯೆ ಕಲಿಸಿದರು. ನಾಗಿ ಬಸ್ಸಿಳಿದಲ್ಲಿಂದ ಮನೆಯವರೆಗೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದಳು. ಎಲ್ಲರೂ ತಲೆಯಾಡಿಸಿದರು. ಹುಚ್ಚು ಹಿಡಿದವರ ಎದುರು ತಲೆಯಾಡಿಸಿಬಿಡುವುದೇ ಕ್ಷೇಮ ಎಂಬ ಜಾಣತನ ಅವರದ್ದು.

ನೇತ್ರಾಳನ್ನು ನೋಡಲು ಸೋಂದಾ ಕಡೆಯ ಕಿರಣನ ಮನೆಯವರು ಬಂದದ್ದು ಉಪ್ಪಾಗೆ ಹಂಗಾಮಿನಲ್ಲಿ. ಕಾಡಿನಿಂದ ಉಪ್ಪಾಗೆ ಹಣ್ಣು ಆರಿಸಿ ತಂದು, ಅದರ ಹುಳಿ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಿ ಮಾರುವುದು ನಾಗಿಯ ದುಡಿಮೆ. ಬೆಂಕಿ ಆರಿದರೆ ಬೂಷ್ಟು, ಏರಿದರೆ ಕರಕಲು. ಕಾದು ಕೂತವಳ ನಿದ್ದೆಗೆ ಯಾವ ವ್ಯಾಪಾರಿಯೂ ದರ ಕಟ್ಟುವುದಿಲ್ಲ. ಅವಳು ಮೂರು ದಿನದಿಂದ ನೆಟ್ಟಗೆ ಮಲಗಿರಲಿಲ್ಲ.

"ಇವತ್ತೊಂದಿನ ಬಾಯಿ ಮುಚ್ಕಂಡಿರು ಮಾರಾಯ್ತಿ," ಎಂದ ಬೈರ. ನಾಗಿಯ ಗಂಡನಾಗಿದ್ದ ತಮ್ಮ ಸತ್ತ ಮೇಲೆ ಆ ಮನೆಯ ಯಜಮಾನಿಕೆ ಅವನದ್ದೇ.

"ನಾನೆಲ್ಲಿ ತೆರೀತೀನಿ ಭಾವ? ಅದಾಗೇ ತೆರ್ಕಂತದೆ."

ಕಿರಣನ ತಾಯಿ ದೇವಿಗೆ ಚಾ ಕೊಡುವಾಗ ನಾಗಿಯ ಎರಡೂ ಕೈ ಹರಿವಾಣದ ಮೇಲಿದ್ದವು. ಆಕಳಿಕೆ ಬಂದೇಬಿಟ್ಟಿತು. ಕೀಲು ಕಳಚಿತು. ದೇವಿ ಕೂತಲ್ಲಿಂದಲೇ ಪಟಪಟ ಚಿಟಿಕೆ ಹೊಡೆದಳು. ಬೈರ ಬೇವಿನ ಸೊಪ್ಪಿಗೆ ಓಡಿದ. ಅವನು ತಿರುಗಿ ಬರುವುದರೊಳಗೆ ನೇತ್ರಾ ಸೆರಗನ್ನೇ ಬೆರಳಿಗೆ ಸುತ್ತಿ ದವಡೆ ಕೂರಿಸಿದ್ದಳು.

"ಗಾಳಿ ಅಲ್ಲ ಅತ್ತೆ, ಕೀಲು. ಡಾಕ್ಟರ್ ಚೀಟಿ ಅದೆ," ಎಂದಳು. ಅತ್ತೆ ಎಂದದ್ದು ಕೊಂಚ ಮುಂಚೆಯೇ ಆಯಿತು.

ದೇವಿ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದಳು. "ಡಾಕ್ಟರ್ ಕಾಯಿಲೆಯಾ? ಹಂಗಾರೆ ರಕ್ತದಲ್ಲಿ ಬರೋದು. ನಾಳೆ ಮೊಮ್ಮಕ್ಕಳ ದವಡೆ ಹಿಡ್ಕಂಡು ನಾನು ಕೂರ್ಬೇಕಾ? ಗಾಳಿ ಆಗಿದ್ರೆ ಒಂದು ಕೋಳಿಗೆ ಹೋಗ್ತಿತ್ತು!"

ಎರಡು ದಿನ ಬಿಟ್ಟು ಬೈರನಿಗೆ ದೇವಿಯ ಫೋನ್ ಬಂತು. ಗಾಳಿಯೆಂದು ಒಪ್ಪಿ, ತಮ್ಮೆದುರೇ ಮಂತ್ರ ಹಾಕುವ ಗಾಡಿಗನಿಂದ ಅದನ್ನು ಬಿಡಿಸಿದರೆ ಸಂಬಂಧಕ್ಕೆ ಅಡ್ಡಿಲ್ಲವಂತೆ.

"ಬ್ಯಾಡ ಅಮ್ಮ," ಎಂದಳು ನೇತ್ರಾ. "ಸುಳ್ಳೇ ದೆವ್ವ ಹೊತ್ಕಂಬುದು ಎಂತಕ್ಕೆ?"

"ಆ ಹುಡುಗ ನಿನ್ನ ಮನಸ್ಸಿಗೆ ಬಂದಾನಾ?"

ನೇತ್ರಾ ನೆಲ ನೋಡಿದಳು.

"ಹನ್ನೊಂದು ವರ್ಷ ಅಲ್ಲ ಅಲ್ಲ ಅಂತ ಹೇಳಿ ಸುಸ್ತಾಯ್ತು ಮಗಾ. ಒಂದಿನ ಹೌದು ಅಂದ್ಬಿಡ್ತೀನಿ."

ಗೊತ್ತಾದ ದಿನ ಗಾಡಿಗ ಬೆಳಿಗ್ಗೆಯೇ ಬಂದು ಮಂಡಲ ಬರೆದ. ದೇವಿ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. ನಾಗಿಯ ಮುಖಕ್ಕೆ ಬೂದಿ ಎರಚಿ ಗಾಡಿಗ ಗುಡುಗಿದ, "ಯಾರು ನೀನು? ಹೆಸರು ಹೇಳು!"

ನಾಗಿಗೆ ಬೇರೆ ಹೆಸರು ಹೊಳೆಯಲಿಲ್ಲ. "ನಾಗಿ."

ಬೈರ ಬೆವತ. ಗಾಡಿಗ ನುರಿತವನು. "ಕಂಡ್ರಾ? ಕಳ್ಳ ಗಾಳಿ. ಹೆಸರೂ ಕದ್ದದೆ. ಇನ್ನೊಂದು ಕೋಳಿ ತನ್ನಿ!" ಎಂದವನೇ ಮತ್ತೆ ನಾಗಿಯತ್ತ ತಿರುಗಿದ. "ಎಂತ ಬೇಕು ನಿಂಗೆ? ಸೀರೆಯಾ? ಬಳೆಯಾ?"

"ಮಲಗಬೇಕು," ಎಂದಳು ನಾಗಿ. ಅಂದು ಅಲ್ಲಿಯವರೆಗೆ ಅವಳು ಆಡಿದ ಮಾತುಗಳಲ್ಲಿ ಸುಳ್ಳು ಒಂದೂ ಇರಲಿಲ್ಲ. ಆ ನಿಜ ಯಾರಿಗೂ ಬೇಕಾಗಿರಲೂ ಇಲ್ಲ. "ಬಿಟ್ಟು ಹೋಗ್ತೀಯಾ?" ಎಂದು ಕೇಳಿದಾಗ "ಹೋಗ್ತೀನಿ" ಎಂದಳು. ಅದೊಂದೇ ಸುಳ್ಳು. ಅದನ್ನು ಎಲ್ಲರೂ ನಂಬಿದರು.

ದೇವಿಯ ಮುಖ ಅರಳಿತು. "ಇನ್ನು ದವಡೆ, ಡಾಕ್ಟರು ಅಂತ ಎಲ್ಲೂ ಬಾಯಿ ಬಿಡಬ್ಯಾಡಿ. ಹಿಡಿದಿತ್ತು, ಬಿಟ್ಟೋಯ್ತು. ಅಷ್ಟೇ. ಅಲ್ದಾ ಬೀಗತಿ?"

ಬೀಗತಿ ಎಂಬ ಮಾತು ಕಿವಿಗೆ ಬಿದ್ದದ್ದೇ ನೇತ್ರಾ ತಾಯಿಯನ್ನು ನೋಡಿದಳು. ನಾಗಿ ಕಣ್ಣಿಗೆ ಹೋದ ಬೂದಿಯನ್ನು ಒರೆಸಿಕೊಂಡಳು.

"ಹೌದು," ಎಂದಳು. "ಹಿಡಿದಿತ್ತು."