ಮಾತಿಗೆ ಪರ್ಮಿಟ್ ಬೇಡವೆಂದು ನಾನು ಗೆದ್ದ ಸಭೆ

ಹೂಡಿಕೆದಾರರ ಚರ್ಚಾವೇದಿಕೆಯೊಂದು ಅಂತರ್ಜಾಲದಲ್ಲಿದೆ. ಯಾವ ಷೇರು ಕೊಳ್ಳಬೇಕು, ಯಾವುದನ್ನು ಮಾರಬೇಕು ಎಂಬುದನ್ನು ಅಲ್ಲಿ ಸಾವಿರಾರು ಜನ ಮುಖ ತೋರಿಸದೆ, ಅತ್ಯಂತ ಧೈರ್ಯದಿಂದ ಹೇಳುತ್ತಾರೆ. ನಿನ್ನೆ ಹೇಳಿದ್ದು ಸುಳ್ಳಾದರೆ ಚಿಂತೆಯಿಲ್ಲ. ಇಂದಿನ ಮಾತುಗಳು ಅದನ್ನು ಪುಟದ ತಳಕ್ಕೆ ತಳ್ಳಿರುತ್ತವೆ. ಈ ಮರೆವಿನಿಂದ ಸಣ್ಣ ಹೂಡಿಕೆದಾರರನ್ನು ಪಾರುಮಾಡುವ ಹೊಣೆಯನ್ನು, ಯಾರೂ ಕೇಳದಿದ್ದರೂ, ನಾವು ಮೂವರು ಹೊತ್ತುಕೊಂಡೆವು. ವೇದಿಕೆಯವರ ಒಪ್ಪಿಗೆ ಪಡೆದು, ಅಲ್ಲಿನ ಚರ್ಚೆಗಳನ್ನು ಕಂಪನಿವಾರು ಜೋಡಿಸಿ, ಮೊದಲ ಮಾತಿನಿಂದ ಕೊನೆಯ ಮಾತಿನವರೆಗೆ ಓದಲು ಒದಗುವ ಒಂದು ಜಾಲತಾಣವನ್ನು ಕಟ್ಟಿದೆವು. ಸಂಬಳವಿಲ್ಲ, ಜಾಹೀರಾತಿಲ್ಲ. ಹೀಗಾಗಿ ನಮ್ಮ ನೈತಿಕತೆ ಬಹಳ ಎತ್ತರದಲ್ಲಿತ್ತು.

ಮೂವರಲ್ಲಿ ನಾನು ಅಹಮದಾಬಾದಿನವನು. ಎಂದರೆ ಮೈಸೂರಿನಿಂದ ಬಂದು ಅಲ್ಲಿ ಬಾಡಿಗೆ ಮನೆಯಲ್ಲಿದ್ದು, ಒಂದು ಖಾಸಗಿ ಕಂಪನಿಯ ತರಬೇತಿ ವಿಭಾಗದಲ್ಲಿ ಬೇರೆಯವರನ್ನು ತಿದ್ದುವ ಕೆಲಸದವನು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಿಗೆ ಹೋಗುತ್ತಿದ್ದೆ. ಚೀಟಿ ಎತ್ತಿದಾಗ ಯಾವ ಪಕ್ಷ ಬರುತ್ತದೆಯೋ ಅದನ್ನು, ಹತ್ತು ನಿಮಿಷದ ಹಿಂದೆ ಆ ವಿಷಯವೇ ಗೊತ್ತಿಲ್ಲದಿದ್ದರೂ, ಹುಟ್ಟಿನಿಂದ ನಂಬಿದವನಂತೆ ಸಮರ್ಥಿಸುವ ವಿದ್ಯೆ ಅಲ್ಲಿ ನನಗೆ ಸಿದ್ಧಿಸಿತು. ಎರಡನೆಯವಳು ಸೂರತ್ತಿನವಳು. ಬ್ಯಾಂಕಿನ ವರ್ಗಾವಣೆಯಲ್ಲಿ ದಾವಣಗೆರೆಯಿಂದ ಬಂದವರ ಮಗಳು, ವಜ್ರದ ವಹಿವಾಟಿನ ಸಂಸ್ಥೆಯೊಂದರಲ್ಲಿ ಕಂಪ್ಯೂಟರ್ ಕೆಲಸ. ನೆಂಟರಿಗೆಂದು ಎತ್ತಿಟ್ಟ ತಟ್ಟೆಗಳಂತೆ ಅವಳು ಕನ್ನಡವನ್ನು ಅಪರೂಪಕ್ಕೆ ಹೊರತೆಗೆಯುತ್ತಿದ್ದಳು. ಮೂರನೆಯವರು ವಡೋದರಾದ ಕಾಕಾ. ಧಾರವಾಡದ ಕಡೆಯವರು, ಊರ ಪಕ್ಕದ ಕೊಯಾಲಿಯ ತೈಲ ರಿಫೈನರಿಯಲ್ಲಿ ಇಡೀ ನೌಕರಿ ಮುಗಿಸಿ ನಿವೃತ್ತರಾದವರು.

ವಡೋದರಾ ನಮ್ಮಿಬ್ಬರ ಊರುಗಳ ನಡುವೆ ಇರುವುದರಿಂದ ತಿಂಗಳ ಮೊದಲ ಭಾನುವಾರ ಕಾಕಾನ ಮನೆಯಲ್ಲಿ ಸಭೆ. ಕಂಪನಿಯ ಕ್ವಾರ್ಟರ್ಸ್ ಬಿಟ್ಟ ಮೇಲೆ ಅವರು ಮೂರನೆಯ ಮಹಡಿಯ ಬಾಡಿಗೆ ಮನೆಯಲ್ಲಿದ್ದರು. ಲಿಫ್ಟ್ ಇರಲಿಲ್ಲ. ಅವರ ಹೆಂಡತಿಗೆ, ನಾವು ಕಾಕು ಎನ್ನುತ್ತಿದ್ದವರಿಗೆ, ಮೊಣಕಾಲು ಕೈಕೊಟ್ಟಿತ್ತು. ತರಕಾರಿಯವನು ಬಂದರೆ ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿ ಇಳಿಸುತ್ತಿದ್ದರು. ತಾವು ಇಳಿಯುವುದು ಆಸ್ಪತ್ರೆಗೆ ಮಾತ್ರ. ಪಕ್ಕದ ಬೀದಿಯಲ್ಲಿ ನೆಲಮಹಡಿಯ ಸಣ್ಣ ಮನೆಯೊಂದು ಮಾರಾಟಕ್ಕಿತ್ತು. ದೀಪಾವಳಿಯವರೆಗೆ ಕಾಯುತ್ತೇನೆಂದು ಮನೆಯವನು ಮಾತು ಕೊಟ್ಟಿದ್ದ. ಅದಕ್ಕೆಂದೇ ಕಾಕಾ ಬಹುಕಾಲದಿಂದ ಒಂದು ವಾಲ್ವ್ ಕಂಪನಿಯ ಷೇರುಗಳನ್ನು ಮುಟ್ಟದೆ ಇಟ್ಟಿದ್ದರು. ಆ ಕಂಪನಿಯ ವಾಲ್ವ್‌ಗಳನ್ನು ತಮ್ಮ ಕೈಯಾರೆ ತಿರುಗಿಸಿ, ಬಿಚ್ಚಿ, ಮತ್ತೆ ಕೂರಿಸಿದ್ದವರು ಅವರು.

ರಿಫೈನರಿಯ ಪದ್ಧತಿಯೊಂದನ್ನು ಕಾಕಾ ನಮ್ಮ ಜಾಲತಾಣಕ್ಕೂ ತಂದಿದ್ದರು. ಅಲ್ಲಿ ಪರ್ಮಿಟ್ ಇಲ್ಲದೆ ಒಂದು ನಟ್ಟನ್ನೂ ಸಡಿಲಿಸುವಂತಿಲ್ಲ. ರಿಪೇರಿಗೆ ನಿಲ್ಲಿಸಿದ ಯಂತ್ರಕ್ಕೆ ಕೆಂಪು ಟ್ಯಾಗ್ ಕಟ್ಟಬೇಕು. ಕಟ್ಟಿದವನೇ, ಕೆಲಸ ಮುಗಿದ ಮೇಲೆ, ತನ್ನ ಕೈಯಿಂದಲೇ ಅದನ್ನು ಬಿಚ್ಚಬೇಕು. ಎಷ್ಟು ದೊಡ್ಡ ಅಧಿಕಾರಿ ಬಂದರೂ ಇನ್ನೊಬ್ಬ ಬಿಚ್ಚುವಂತಿಲ್ಲ. ಹಾಗೆಯೇ ನಮ್ಮ ಜಾಲತಾಣದಲ್ಲೂ ಏನು ಬದಲಿಸುವುದಿದ್ದರೂ ಇಬ್ಬರ ರುಜು ಬೇಕಿತ್ತು.

ನಾನು ಸುಧಾರಕ. ಒಂದು ಸಭೆಯಲ್ಲಿ ಎದ್ದುನಿಂತು, ಹೌದು, ಇಬ್ಬರ ಮುಂದೆ ಎದ್ದುನಿಂತು, ಎರಡು ನಿರ್ಣಯಗಳನ್ನು ಮಂಡಿಸಿದೆ. ಒಂದು: ಪ್ರತಿ ಕಂಪನಿಯ ಪುಟದಲ್ಲಿ ಹೊಗಳಿಕೆಯ ಪಕ್ಕದಲ್ಲೇ ಸಮನಾದ ಎದುರುವಾದದ ಅಂಕಣವಿರಬೇಕು. ಎರಡು: ಆ ಅಂಕಣಕ್ಕೆ ಪರ್ಮಿಟ್ ಬೇಡ.

“ಹಂಗ್ಯಾಕೋ ತಮ್ಮಾ?” ಎಂದರು ಕಾಕಾ.

“ಪೈಪಿಗೆ ಪರ್ಮಿಟ್ ಬೇಕು ಕಾಕಾ, ಸಿಡಿಯುತ್ತದೆ. ಮಾತು ಸಿಡಿಯುವುದಿಲ್ಲ. ಮಾತಿಗೆ ಅನುಮತಿ ಕೇಳುವ ಸಮಾಜದಲ್ಲಿ ವಿಚಾರ ಬೆಳೆಯುವುದಿಲ್ಲ.”

“ಭಾಯ್, ಟ್ರೈನ್‌ಗೆ ಲೇಟ್ ಆಗುತ್ತೆ. ನನ್ನ ವೋಟ್ ನಿನಗೇ, ಕೂತ್ಕೋ,” ಎಂದಳು ಸೂರತ್ತಿನವಳು.

ಒಂದರ ವಿರುದ್ಧ ಎರಡು ಮತಗಳಿಂದ ವಿಚಾರಸ್ವಾತಂತ್ರ್ಯ ಗೆದ್ದಿತು. ಕಾಕು ಒಳಗಿನಿಂದ ಚಹಾ ತಂದು, “ಇಷ್ಟ ಮಾತಾಡಿದಿ, ಗಂಟಲ ಒಣಗಿರಬೇಕು, ಕುಡಿ,” ಎಂದರು. ನಾನದನ್ನು ಅಭಿನಂದನೆ ಎಂದೇ ತಿಳಿದೆ.

ಎದುರುವಾದಗಳನ್ನು ಆರಿಸುವ ಕೆಲಸ ಸಹಜವಾಗಿ ನನ್ನದಾಯಿತು. ಬಹುತೇಕ ಕಂಪನಿಗಳಿಗೆ ವೇದಿಕೆಯಲ್ಲೇ ಶತ್ರುಗಳು ಧಾರಾಳವಾಗಿದ್ದರು. ಆದರೆ ವಾಲ್ವ್ ಕಂಪನಿಯ ಪುಟದಲ್ಲಿ ವಿರೋಧದ ಒಂದು ಸೊಲ್ಲೂ ಇರಲಿಲ್ಲ. ಅದು ಒಳ್ಳೆಯ ವಾಲ್ವ್ ಮಾಡುವ, ಯಾರ ತಂಟೆಗೂ ಹೋಗದ ಕಂಪನಿ. ಇಂಥ ಕಂಪನಿಯನ್ನು ಪ್ರಜಾಪ್ರಭುತ್ವ ಸಹಿಸಬಹುದು, ಅಂಕಣ ಸಹಿಸದು. ಖಾಲಿ ಬಿಟ್ಟರೆ ಪುಟದ ಸಮತೋಲ ಕೆಡುತ್ತಿತ್ತು. ಹೀಗಾಗಿ ಒಂದು ಬೆಳಿಗ್ಗೆ ಕಚೇರಿಗೆ ಹೋಗುವ ಮೆಟ್ರೊದಲ್ಲಿ ಕುಳಿತು, ಚೀಟಿಯಲ್ಲಿ ಆ ಪಕ್ಷವೇ ಬಂದಿದೆಯೆಂದು ಭಾವಿಸಿಕೊಂಡು, ಎದುರುವಾದವನ್ನು ನಾನೇ ಬರೆದೆ. ಬೆರಳೆಣಿಕೆಯ ಗ್ರಾಹಕರನ್ನು ನೆಚ್ಚಿದವರ ನಾಳೆ ಏನು? ಆಡಳಿತದ ಈ ಮೌನ ಏನನ್ನು ಮುಚ್ಚಿಡುತ್ತಿದೆ? ಆಡಳಿತವನ್ನು ಯಾರೂ ಏನನ್ನೂ ಕೇಳಿರಲಿಲ್ಲ ಎಂಬುದು ನಿಜ. ಆದರೆ ಪ್ರಶ್ನೆಗಳು ಬಲು ಸೊಗಸಾಗಿ ಬಂದಿದ್ದವು. ಸ್ವಂತ ಹೆಸರು ಹಾಕುವುದು ಅಹಂಕಾರವೆನಿಸಿ, ವಿನಯದಿಂದ ‘ಸಂಪಾದಕ ಮಂಡಳಿ’ ಎಂದು ಹಾಕಿದೆ.

ಆ ಪುಟವನ್ನು ಹಿಂದೆಂದೂ ಇಲ್ಲದಷ್ಟು ಜನ ಓದಿದರು. ವೇದಿಕೆಯಲ್ಲಿ ನನ್ನ ಪ್ರಶ್ನೆಗಳನ್ನೇ ಉತ್ತರಗಳೆಂಬಂತೆ ಉದ್ಧರಿಸತೊಡಗಿದರು. ಷೇರಿನ ಬೆಲೆಯೂ ಸ್ವಲ್ಪ ಇಳಿಯಿತು. ಅದು ನನ್ನ ಬರಹದಿಂದಲೇ ಎನ್ನಲು ಪುರಾವೆಯಿರಲಿಲ್ಲ. ನಾನು ಪುರಾವೆಯಿಲ್ಲದೆಯೇ ಹೆಮ್ಮೆಪಟ್ಟೆ.

ದೀಪಾವಳಿ ಕಳೆದ ಮೇಲಿನ ಸಭೆಗೆ ನಾನು ಮೂರು ಮಹಡಿ ಹತ್ತಿದಾಗ ಕಾಕು ಬಾಲ್ಕನಿಯಲ್ಲಿ ಬುಟ್ಟಿಯ ಹಗ್ಗಕ್ಕೆ ಹೊಸ ಗಂಟು ಹಾಕುತ್ತಿದ್ದರು. ನೆಲಮಹಡಿಯ ಮನೆ ಏನಾಯಿತೆಂದು ಕೇಳಿದೆ.

“ಅದನ್ನ ಯಾರೋ ಸಾಡಿ ಅಂಗಡಿಯವರು ತಗೊಂಡ್ರು,” ಎಂದರು ಕಾಕಾ. “ನಾ ಷೇರ್ ಮಾರಿಬಿಟ್ಟಿದ್ದೆ, ಇಳದಾಗ. ಬಂದ ರೊಕ್ಕ ಸಾಲಲಿಲ್ಲ. ನಾ ಮಾರಿ ತಿಂಗಳ ಆಗಿಲ್ಲ, ಕಂಪನಿಗೆ ದೊಡ್ಡ ಆರ್ಡರ್ ಬಂತು. ಈಗ ಅದು ಏರಿ ಕುಂತದ.”

“ಯಾಕೆ ಮಾರಿದ್ರಿ ಅಂಕಲ್? ಆ ಕಂಪನಿ ನಿಮ್ಮ ಫೇವರಿಟ್ ಅಲ್ವಾ?” ಸೂರತ್ತಿನವಳು ಕೇಳಿದಳು.

“ನಮ್ಮ ಪುಟದಾಗ ಬಂದಿತ್ತಲ್ಲ. ವಾಲ್ವ್ ನನಗ ಗೊತ್ತು, ಲೆಕ್ಕಪತ್ರ ಗೊತ್ತಿಲ್ಲ. ಇಂವ ಬರೇ ಆರಸಾಂವ. ಬ್ಯಾಂಕಿನವರ ಮಗಳು, ನೀ ಕಾಗದ ಎಲ್ಲಾ ನೋಡಿ ಬರದಿರಬೇಕು ಅಂತ ತಿಳಕೊಂಡೆ.”

“ನಾನಾ? ನಾನು ಅದನ್ನ ನೀವು ಬರೆದಿದ್ದು ಅಂದ್ಕೊಂಡೆ. ವಾಲ್ವ್ ನಿಮ್ಮ ಲೈನ್. ಅದಕ್ಕೇ ನಾನು ಚೆಕ್ ಮಾಡಲೇ ಇಲ್ಲ.”

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಮಂಡಳಿಯಲ್ಲಿ ಉಳಿದ ಸದಸ್ಯ ನಾನೊಬ್ಬನೇ ಆದ್ದರಿಂದ ತನಿಖೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ನಾನು ಆಗ ಆಡಿದ ಮಾತುಗಳನ್ನು ಇಂದು ನೆನೆದರೂ ಕಿವಿ ಬಿಸಿಯಾಗುತ್ತದೆ. ಎದುರುವಾದವೆಂದರೆ ಸಲಹೆಯಲ್ಲ ಎಂದೆ. ಓದುಗ ಎರಡೂ ಪಕ್ಷಗಳನ್ನು ತೂಗಿ ನಿರ್ಧರಿಸಬೇಕು ಎಂದೆ. ಮೂರನೆಯ ಅಂಶಕ್ಕೆ ಬರುವಷ್ಟರಲ್ಲಿ ಕಾಕು ಗೋಡೆ ಹಿಡಿದುಕೊಂಡು ಅಡುಗೆಮನೆಯಿಂದ ಚಹಾ ತಂದರು. ಬಾಗಿಲಿನಿಂದ ಮೇಜಿನವರೆಗಿನ ನಾಲ್ಕು ಹೆಜ್ಜೆಗೆ ಅವರು ತೆಗೆದುಕೊಂಡ ಹೊತ್ತಿನಲ್ಲಿ ನನ್ನ ವಾದ ಮುಗಿದುಹೋಯಿತು. “ತಪ್ಪಾಯಿತು ಕಾಕಾ. ನನಗೆ ಆ ಕಂಪನಿಯ ಬಗ್ಗೆ ಏನೂ ಗೊತ್ತಿರಲಿಲ್ಲ,” ಎಂದೆ. ಬಹುಶಃ ಆ ಮನೆಯಲ್ಲಿ ನಾನು ಆಡಿದ ಅತ್ಯಂತ ಚಿಕ್ಕ ಭಾಷಣ ಅದು.

ಕಾಕಾ ಬೈಯಲಿಲ್ಲ. ಬೈದಿದ್ದರೆ ಉತ್ತರಿಸುವ ಅವಕಾಶವಾದರೂ ಇರುತ್ತಿತ್ತು. ಬರಹವನ್ನು ಕೂಡಲೇ ಅಳಿಸುತ್ತೇನೆಂದು ನಾನು ಮೊಬೈಲ್ ತೆಗೆದೆ.

“ಅಳಸಬ್ಯಾಡ,” ಎಂದರು. “ಕೆಟ್ಟ ಯಂತ್ರಾನ ಮುಚ್ಚಿಡೂದಿಲ್ಲ. ಟ್ಯಾಗ್ ಹಚ್ಚು. ಯಾರು ಕೆಡಿಸಿದ್ರು, ಹ್ಯಾಂಗ ಕೆಟ್ಟಿತು, ಬರಿ. ಹೆಸರ ಹಾಕು, ಮಂಡಳಿ ಅಲ್ಲ.”

“ಎಲ್ಲೀ ತನಕ ಇರಬೇಕು ಕಾಕಾ ಅದು?”

“ರಿಪೇರಿ ಮುಗಿಯೂ ತನಕ. ಕಟ್ಟಿದಾಂವ ನೀನು, ನೀನ ಬಿಚ್ಚಬೇಕು.”

“ರಿಪೇರಿ ಮುಗಿಯೋದು ಯಾವಾಗ?”

ಉತ್ತರ ಕಾಕುವಿನದು. “ನಾ ಬುಟ್ಟಿ ಬಿಟ್ಟು ನನ್ನ ಕಾಲಿಲೆ ಹೋಗಿ ಕೊತ್ತಂಬರಿ ತಂದ ದಿನ ಬಿಚ್ಚಪ್ಪಾ. ಅಲ್ಲೀತನಕ ಇರ್ಲಿ ಅದು. ಕೆಂಪಗ, ಛಂದ ಕಾಣಸ್ತದ.”

ಸೂರತ್ತಿನವಳು ಅಲ್ಲೇ ಕುಳಿತು ಪುಟದ ನೆತ್ತಿಗೆ ಕೆಂಪು ಪಟ್ಟಿಯೊಂದನ್ನು ಸಿದ್ಧಮಾಡಿಕೊಟ್ಟಳು. ಅದರೊಳಗೆ ನಾನು ನನ್ನ ಹೆಸರು ಹಾಕಿ, ಈ ಎದುರುವಾದವನ್ನು ಬರೆದವನಿಗೆ ಕಂಪನಿಯ ವಿಚಾರ ತಿಳಿದಿರಲಿಲ್ಲ, ಅಂಕಣ ತುಂಬಿಸಲು ಬರೆದನು ಎಂದು ಬರೆದೆ. ಪರ್ಮಿಟ್ಟಿಗೆ ಇಬ್ಬರೂ ರುಜು ಹಾಕಿದರು. ಮಾತಿಗೆ ಪರ್ಮಿಟ್ ಬೇಕೆಂಬ ನಿಯಮ ಅಂದೇ, ಚರ್ಚೆಯಿಲ್ಲದೆ, ಮರಳಿ ಬಂದಿತು.

ವೇದಿಕೆಯ ಜನ ಎಂದಿನ ವಿವೇಕವನ್ನು ಮೆರೆದರು. ಎದುರುವಾದಕ್ಕೆ ಆಧಾರವಿಲ್ಲವೆಂದು ಜಾಲತಾಣವೇ ಒಪ್ಪಿಕೊಂಡಿದೆ, ಆದ್ದರಿಂದ ಇದು ಖಂಡಿತ ಕೊಳ್ಳಬೇಕಾದ ಷೇರು ಎಂದು ಒಬ್ಬ ಬರೆದ. ಉಳಿದವರು ಅವನನ್ನು ಹಿಂಬಾಲಿಸಿದರು. ಇನ್ನು ಕೆಲವರು, ಬೇರೆ ಕಂಪನಿಗಳಿಗೂ ಇಂಥ ಕೆಂಪು ಪಟ್ಟಿ ಯಾವಾಗ ಬರುತ್ತದೆಂದು ನಮಗೆ ಪತ್ರ ಬರೆದು ವಿಚಾರಿಸಿದರು. ಆಧಾರವಿಲ್ಲದ ಎದುರುವಾದಕ್ಕೆ ರುಜು ಸಿಗದ ಕಾರಣ ಈಗ ಅನೇಕ ಪುಟಗಳಲ್ಲಿ ಅದರ ಜಾಗ ಖಾಲಿ ಇದೆ. ಜಾಲತಾಣದ ಗುಣಮಟ್ಟ ಕುಸಿದಿದೆ ಎಂಬ ದೂರುಗಳು ಬರುತ್ತಲೇ ಇವೆ.

ನಾನು ತಿಂಗಳ ಮೊದಲ ಭಾನುವಾರ ತಪ್ಪದೆ ಹೋಗುತ್ತೇನೆ. ಕಳೆದ ಸಲ ಗೇಟಿನ ಬಳಿ ತರಕಾರಿಯವನಿದ್ದ. ಮೇಲಿನಿಂದ ಬುಟ್ಟಿ ಇಳಿದು ನನ್ನ ಎದೆಯ ಮಟ್ಟಕ್ಕೆ ಬಂದು ನಿಂತಿತು. ಬದನೆಕಾಯಿ, ಮೆಣಸಿನಕಾಯಿ ಹಾಕಿದೆ. ಕೊತ್ತಂಬರಿಯನ್ನು ಪುಕ್ಕಟೆ ಕೊಡುವುದು ಏಕೆ ನ್ಯಾಯವೆಂದು ನನಗೆ ತಿಳಿದ ಗುಜರಾತಿಯಲ್ಲಿ ವಾದಿಸಿದೆ, ಸೋತೆ, ದುಡ್ಡು ಕೊಟ್ಟು ಒಂದು ಕಟ್ಟು ಇಟ್ಟೆ.

“ಟ್ಯಾಗ್ ಇನ್ನೂ ಅದ ಏನೋ?” ಎಂದು ಕಾಕು ಮೇಲಿನಿಂದ ಕೇಳಿದರು.

“ಇದೆ ಕಾಕು.”

“ಹಂಗಾರ ಹತ್ತಿ ಬಾ,” ಎಂದು ಅವರು ಹಗ್ಗ ಜಗ್ಗತೊಡಗಿದರು.