ಕೋಲುಜೇನು ಒಪ್ಪಿದ ಚೀಲ

ಮದುವೆಗೆ ಹೆಣ್ಣು ನೋಡಲು ಹೋದ ದಿನ ಅರ್ಧ ಗಂಟೆಯೊಳಗೆ ಒಪ್ಪಿಗೆ ಹೇಳಿ ಬಂದವನು ನಾನು. ಬೆನ್ನಿಗೆ ಹಾಕುವ ಒಂದು ಚೀಲವನ್ನು ಆರಿಸಲು ಮಾತ್ರ ಮೂರು ವಾರ ತೆಗೆದುಕೊಂಡೆ. ಒಮಾನಿನ ಅಲ್ ಹೈಲ್‌ನಲ್ಲಿರುವ ನಮ್ಮ ಮನೆಗೆ ಯಾರೇ ಬರಲಿ, ಅವರು ಚಹಾದ ಲೋಟ ಕೆಳಗಿಡುವ ಮೊದಲೇ ನನ್ನ ಹೆಂಡತಿ ಶಶಿಕಲಾ ಈ ಸಂಗತಿಯನ್ನು ತಿಳಿಸಿ ಮುಗಿಸಿರುತ್ತಾಳೆ. ಅವಳು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ಹೆಣ್ಣನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಹತ್ತಬೇಕೆಂದು ಆವತ್ತು ಯಾರೂ ನನಗೆ ಹೇಳಿರಲಿಲ್ಲವಲ್ಲ ಎಂಬ ನನ್ನ ಸಮಜಾಯಿಷಿಯನ್ನು ಕೇಳುವ ವ್ಯವಧಾನ ಬಂದವರಿಗೆ ಇರುವುದಿಲ್ಲ.

ಇದಕ್ಕೆಲ್ಲ ಕಾರಣ ಸಲೀಂ. ಆಫೀಸಿನಲ್ಲಿ ನನ್ನ ಎದುರಿನ ಮೇಜಿನವನು, ಇಬ್ರಿಯ ಆಚೆಗಿನ ಹಳ್ಳಿಯವನು. ನಮ್ಮಿಬ್ಬರ ಭಾಷೆ ಅರ್ಧ ಹಿಂದಿ, ಕಾಲು ಅರಬಿ, ಉಳಿದದ್ದು ಕೈಸನ್ನೆ. ಪ್ರತಿವರ್ಷ ಚಳಿ ಇಳಿಯುತ್ತಿದ್ದಂತೆ ಅವನು "ಊರಿಗೆ ಬಾ, ಶಿಕಾರಿಗೆ ಹೋಗೋಣ" ಎಂದು ಕರೆಯುವುದು, ನಾನು ಮೊಣಕಾಲನ್ನೋ ಮಗಳ ಪರೀಕ್ಷೆಯನ್ನೋ ಮುಂದೆ ಮಾಡಿ ತಪ್ಪಿಸಿಕೊಳ್ಳುವುದು ನಡೆದೇ ಇತ್ತು. ಈ ವರ್ಷ ಯಾಕೋ ಬಾಯಿಂದ "ಆಯಿತು" ಎಂದು ಬಂದುಬಿಟ್ಟಿತು. ಅವನು ಕಾಗದಪತ್ರ ಬಿಟ್ಟು ಎದ್ದು ಬಂದು ನನ್ನ ಕೈ ಕುಲುಕಿದ. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಅಂದು ಸಂಜೆಯೇ ಫೋನಿನಲ್ಲಿ ಶಿಕಾರಿಯ ವಿಡಿಯೊಗಳನ್ನು ನೋಡಲು ಕುಳಿತೆ. ಎಲ್ಲಿಯವರೋ ಗಡ್ಡದ ಮಹಾಶಯರು, ಐದಾರು ದಿನ ಕಾಡಿನಲ್ಲೇ ಇದ್ದು ಬರುವವರು, ಒಂದೊಂದು ಚೀಲದ ಬಗ್ಗೆ ಮುಕ್ಕಾಲು ಗಂಟೆ ಮಾತಾಡುತ್ತಾರೆ. ಬಟ್ಟೆ ಸರಸರ ಸದ್ದು ಮಾಡಬಾರದಂತೆ, ಮಿಗ ಓಡಿಹೋಗುತ್ತದೆ. ಬಂದೂಕಿಗೆ ಒಂದು ಪಟ್ಟಿ, ಮಾಂಸ ಹೊರಲು ಒಂದು ಅಟ್ಟಣೆ. ಸೊಳ್ಳೆಗಿಂತ ದೊಡ್ಡ ಪ್ರಾಣಿಯನ್ನು ಹೊಡೆದು ಗೊತ್ತಿಲ್ಲದ ನಾನು ಅಷ್ಟನ್ನೂ ಬರೆದಿಟ್ಟುಕೊಂಡೆ. ಮರುದಿನ ಬಂದೂಕಿನ ವಿಷಯ ತೆಗೆದಾಗ ಸಲೀಂ ಗಾಬರಿಯಾದ.

"ಬಂದೂಕಾ? ಪ್ರಾಣಿ ಹೊಡೆದರೆ ಜೈಲಿಗೆ ಹಾಕುತ್ತಾರೆ! ನಾನು ಹೇಳಿದ್ದು ಜೇನಿನ ಶಿಕಾರಿ."

ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು ನಿಜವಾದ ವಿಷಯ ಹೇಳಿದ. ಅವರ ಮನೆಯ ಹಿಂದೆ ಬಂಡೆಯಲ್ಲಿ ಒಂದು ಪುಟ್ಟ ಗವಿ. ಅವನ ತಂದೆ ಹುಮೈದ್ ಗುಡ್ಡದಿಂದ ಜೇನುಕುಟುಂಬ ತಂದು ಅಲ್ಲಿ ತೂಗುಹಾಕಿ ಸಾಕುತ್ತಿದ್ದರು. ಎರಡು ವರ್ಷದ ಹಿಂದೆ ಜೇನು ಎದ್ದು ಹೋಯಿತು. "ಈಗಲೂ ದಿನಾ ಬೆಳಿಗ್ಗೆ ಹೋಗಿ ಖಾಲಿ ಗವಿ ನೋಡಿ ಬರುತ್ತಾರೆ. ಆಮೇಲೆ ಕಾಫಿಯೂ ಬೇಡ ಅನ್ನುತ್ತಾರೆ. ಅವರಿಗೆ ಮೊದಲಿನ ಕಣ್ಣಿಲ್ಲ, ಕೈ ನಡುಗುತ್ತದೆ. ಹಿಡಿದುಕೊಳ್ಳಲು ಇನ್ನೆರಡು ಕೈ ಬೇಕು, ಜಗದೀಶ್."

ಇನ್ನೆರಡು ಕೈ ಸಾಕೆಂದು ಅವನು ಹೇಳಿದ. ನನ್ನ ತಲೆಯಲ್ಲಿ ಆಗಲೇ ಚೀಲ ಕುಳಿತುಬಿಟ್ಟಿತ್ತು.

ನಮ್ಮ ಹಿರಿಯರಿಗೆ ಈ ಚಿಂತೆ ಇರಲಿಲ್ಲ. ಸನ್ಯಾಸಿಗೆ ಜೋಳಿಗೆ, ವ್ಯಾಪಾರಿಗೆ ಹಸಿಬೆ, ಉಳಿದವರಿಗೆ ಗಂಟು. ಹಸಿಬೆಯಂತೂ ಹೆಗಲ ಮುಂದೊಂದು ಹಿಂದೊಂದು ಇಳಿಬಿದ್ದು ತಕ್ಕಡಿಯಂತೆ ತಾನೇ ಸಮ ತೂಗುತ್ತಿತ್ತು. ಹುಲ್ಲು, ಸೌದೆ, ಮೀನಿನ ಬುಟ್ಟಿ ಎಲ್ಲ ತಲೆಯ ಮೇಲೆ. ಬೆನ್ನನ್ನು ನಾವು ಹೊರೆಗಿಂತ ಹೆಚ್ಚಾಗಿ ಮಾತಿಗೆ ಬಳಸಿದವರು. ಒಬ್ಬ ಬೆನ್ನಿಗೆ ಬಿದ್ದರೆ ಪೀಡೆ, ಬೆನ್ನಿಗೆ ನಿಂತರೆ ಆಸರೆ. ಚೀಲ ಆರಿಸುವುದೆಂದರೆ ಇದು ಬೀಳುವ ಜಾತಿಯೋ ನಿಲ್ಲುವ ಜಾತಿಯೋ ಎಂದು ಅಂಗಡಿಯಲ್ಲೇ ಕಂಡುಕೊಳ್ಳುವುದು, ಅಷ್ಟೆ. ಹೇಳುವುದು ಸುಲಭ.

ಅಲ್ ಮಬೇಲಾದ ಗ್ಯಾರೇಜುಗಳ ಸಾಲಿನಲ್ಲಿ ಖಾದರ್ ಕಾಕನ ಅಂಗಡಿ. ಟೆಂಟು, ಟಾರ್ಪಾಲು, ಥರ್ಮಾಸು, ಹಗ್ಗ. ಉಪ್ಪಿನಂಗಡಿಯ ಬ್ಯಾರಿ, ಈ ಮರಳಿಗೆ ಬಂದು ಗಡ್ಡ ಬೆಳ್ಳಗಾದವರು. ನಾನು ಮಾಡಿನಿಂದ ತೂಗುತ್ತಿದ್ದ ಅತಿ ದೊಡ್ಡ ಚೀಲಕ್ಕೆ ಕೈ ಹಾಕಿದಾಗ ಕನ್ನಡಕ ಏರಿಸಿ ನೋಡಿದರು.

"ಎಷ್ಟು ದಿನಕ್ಕೆ ಹೋಗುದು?"

"ಒಂದು ದಿನ."

"ಒಂದು ದಿನಕ್ಕೆ ಇಷ್ಟು ದೊಡ್ಡದು ಎಂತಕ್ಕೆ ಮಾರಾಯ್ರೆ? ಒಳಗೆ ನೀವೇ ಕೂತ್ಕೊಳ್ಲಿಕ್ಕಾ?"

ಮೊದಲ ಸಲ ಹೋದಾಗ ಬರಿಗೈಯಲ್ಲಿ ಕಳಿಸಿದರು. ಎರಡನೆಯ ಸಲ ದರ್ಜಿಯಂತೆ ಟೇಪು ಹಿಡಿದು ಕತ್ತಿನ ಎಲುಬಿನಿಂದ ಸೊಂಟದವರೆಗೆ ಅಳೆದರು. "ಆಳಿನ ಉದ್ದ ನೋಡುದಲ್ಲ ಜಗದೀಶಣ್ಣ, ಬೆನ್ನಿನ ಉದ್ದ ನೋಡುದು. ಭಾರ ಹೆಗಲಿಗೆ ಕೊಟ್ರೆ ನಾಳೆ ಏಳ್ಲಿಕ್ಕಿಲ್ಲ ನೀವು. ಸೊಂಟಕ್ಕೆ ಕೊಡ್ಬೇಕು." ಐವತ್ತೊಂದು ವರ್ಷ ಜೊತೆಗಿದ್ದ ನನ್ನ ಬೆನ್ನು ಗಿಡ್ಡ, ಕಾಲು ಮಾತ್ರ ಉದ್ದ ಎಂಬುದು ನನಗೆ ತಿಳಿದದ್ದು ಆಗ. ಮೂರನೆಯ ಸಲ ಚೀಲದೊಳಗೆ ಹತ್ತು ಕಿಲೋ ಅಕ್ಕಿ ಮೂಟೆ ಇಳಿಸಿ, ಸೊಂಟದ ಪಟ್ಟಿ ಬಿಗಿದು, "ಹೂಂ, ನಡೀರಿ" ಎಂದು ಬೀದಿಗೆ ಬಿಟ್ಟರು. ಟಯರ್ ಅಂಗಡಿಯ ಪಠಾಣನೊಬ್ಬ "ಭಾಯಿಸಾಬ್, ಘರ್ ಛೋಡ್ ದಿಯಾ ಕ್ಯಾ?" ಎಂದು ಕೂಗಿದ. ಇಡೀ ಸಾಲು ನಕ್ಕಿತು.

ಕೊನೆಗೆ ಉಳಿದದ್ದು ಬಣ್ಣ. ಕೊಳೆ ಕಾಣದ ಕಪ್ಪನ್ನೇ ತರಬೇಕೆಂದು ಶಶಿಕಲಾಳ ಆದೇಶವಿತ್ತು. ಕಾಕ ತಲೆಯಾಡಿಸಿದರು. "ಜೇನಿಗೆ ಕಪ್ಪು ಆಗುದಿಲ್ಲ. ಕರಡಿಯ ಬಣ್ಣ ಅಲ್ವಾ? ಇದು ತಕ್ಕೊಳ್ಳಿ." ಮಣ್ಣಿನ ಬಣ್ಣದ್ದು, ನಡುಗಾತ್ರ, ಬಾಯಿಯ ಮೇಲೆ ಸೂರಿನಂತೆ ಮುಂದಕ್ಕೆ ಚಾಚಿದ ಮುಚ್ಚಳ. ಮನೆಗೆ ಬಂದು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಮಗಳು ನಿಶಾ ಬಾಗಿಲಲ್ಲಿ ಇಣುಕಿ "ಪಪ್ಪಾ, ಆರ್ ಯು ಮೂವಿಂಗ್ ಔಟ್?" ಎಂದಳು.

ಚೀಲ ಇದ್ದ ಮೇಲೆ ತುಂಬಿಸಬೇಕಲ್ಲ. ಅವಲಕ್ಕಿ, ಚಟ್ನಿಪುಡಿ, ಮೂರು ತರದ ಮುಲಾಮು, ಟಾರ್ಚು ಎರಡು, ಒಮಾನಿನಲ್ಲಿ ಯಾಕೆ ಬೇಕೋ ಗೊತ್ತಿಲ್ಲದ ಮಳೆಕೋಟು ಒಂದು. ಗುರುವಾರ ಸಂಜೆ ಹೊರಟು ಸಲೀಮನ ಮನೆ ಸೇರಿದೆ. ಶುಕ್ರವಾರ ಬೆಳಕು ಹರಿಯುವಾಗ ಹುಮೈದ್ ಅಂಗಳಕ್ಕೆ ಬಂದರು. ಒಣಗಿದ ಖರ್ಜೂರದಂಥ ಸಣ್ಣ ಮನುಷ್ಯ. ಇಲ್ಲಿಯ ರೂಢಿಯಂತೆ ನಾನು ಅವರನ್ನು "ಅಮ್ಮಿ" ಎಂದೆ. ಅರಬಿಯಲ್ಲಿ ಅದು ಚಿಕ್ಕಪ್ಪ, ದೊಡ್ಡಪ್ಪ. ನಮ್ಮ ಕಡೆ ಪುಟ್ಟ ಹುಡುಗಿಯರನ್ನು ಕರೆಯುವುದು ಹಾಗೆ ಎಂಬುದನ್ನು ಹೇಳಲು ಹೋಗಲಿಲ್ಲ. ಅವರು ನನ್ನ ಚೀಲವನ್ನು ಎರಡೂ ಕೈಯಲ್ಲಿ ಎತ್ತಿ, ಇಳಿಸಿ, ಮಗನೊಡನೆ ಏನೋ ಕೇಳಿದರು.

"ಎಷ್ಟು ತಿಂಗಳು ಇರುತ್ತಾನೆ ಅಂತ ಕೇಳುತ್ತಿದ್ದಾರೆ" ಎಂದ ಸಲೀಂ.

ಎರಡು ಗಂಟೆ ನಡೆದು ವಾದಿಯೊಂದಕ್ಕೆ ಇಳಿದೆವು. ವಾದಿ ಎಂದರೆ ಮಳೆ ಬಂದಾಗ ಹೊಳೆ, ಉಳಿದಂತೆ ಕಲ್ಲಿನ ಹಾಸು. ಒಂದು ಬಂಡೆಯ ಬುಡದಲ್ಲಿ ಮಾತ್ರ ನೀರಿತ್ತು. ಮುದುಕರು ಅದರ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು. ನೀರು ಕುಡಿದ ಜೇನುನೊಣ ನೇರ ಮನೆಗೇ ಹೋಗುತ್ತದಂತೆ, ದಾರಿಯಲ್ಲಿ ನಿಂತು ಹರಟುವುದಿಲ್ಲವಂತೆ. ನನ್ನ ಕಣ್ಣಿಗೆ ನಾಲ್ಕು ಮಾರು ದೂರದಲ್ಲೇ ನೊಣ ಕರಗಿಹೋಗುತ್ತಿತ್ತು. ಸಲೀಂ ದಿಕ್ಕು ಹೇಳುತ್ತಿದ್ದ, ಮುದುಕರು ಅದನ್ನು ಗುಡ್ಡಕ್ಕೆ ಹೊಂದಿಸುತ್ತಿದ್ದರು. ಹಾಗೆ ನಿಂತು ನಿಂತು ಹೋಗಿ, ಹೊತ್ತು ನೆತ್ತಿಗೇರುವ ಮೊದಲು ಒಂದು ಮುಳ್ಳುಮರದ ಒಳಗೆ ಅದನ್ನು ಕಂಡೆವು. ಸಣ್ಣ ಕೊಂಬೆಯನ್ನು ತಬ್ಬಿದ ಅಂಗೈ ಅಗಲದ ಒಂದೇ ಒಂದು ಮೇಣದ ಎರಿ, ಅದರ ಮೈತುಂಬ ಕೆಂಪು ಹೊಟ್ಟೆಯ ಪುಟ್ಟ ನೊಣಗಳು.

"ಅರೆ, ಇದು ನಮ್ಮ ಕೋಲುಜೇನು!" ಎಂದು ಕನ್ನಡದಲ್ಲೇ ಕೂಗಿದೆ. ಬೇಲಿಯ ಲಾಂಟಾನದಲ್ಲಿ, ಗೇರುಮರದ ಕೊಂಬೆಯಲ್ಲಿ ಚಿಕ್ಕಂದಿನಲ್ಲಿ ನೋಡಿದ್ದೇ ಇದು. ವಿದೇಶದ ಬಸ್ಸಿನಲ್ಲಿ ಪಕ್ಕದ ಸೀಟಿನವನು ತುಳು ಮಾತಾಡಿದಂತಾಯಿತು.

ಹುಮೈದ್ ಹೊಗೆ ಹಾಕಿದರು. ನಾನು ಎರಡೂ ಕೈಯಲ್ಲಿ ಕೊಂಬೆ ಹಿಡಿಯಬೇಕು, ಅವರು ಕೊಯ್ಯಬೇಕು. "ಚೀಲ ಇಳಿಸು" ಎಂದು ಸಲೀಂ ಎರಡು ಸಲ ಹೇಳಿದ. ಮೂರು ವಾರದ ಚೀಲ, ಸೊಂಟದ ಮೇಲೆ ಅಷ್ಟು ಚೆನ್ನಾಗಿ ಕುಳಿತಿದೆ, ಇಳಿಸುವುದೇಕೆ? ಕೊಂಬೆ ತುಂಡಾಗಿ ಕೈಗೆ ಬಂತು. ನಾನು ತಿರುಗಿದೆ. ಚೀಲದ ಪಟ್ಟಿ ಮುಳ್ಳಿಗೆ ಸಿಕ್ಕಿ ಹಿಂದಕ್ಕೆ ಜಗ್ಗಿತು. ಕೊಂಬೆ ಜಾರಿ ಕಲ್ಲಿನ ಮೇಲೆ ಬಿತ್ತು.

ಜೇನು ಒಂದೇ ಉಸಿರಿಗೆ ಮೇಲೆದ್ದಿತು. ಮುದುಕರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೊಣಕಾಲೂರಿ, ಅಂಚು ಮುರಿದ ಎರಿಯನ್ನು ಎತ್ತಿ, ಧೂಳು ಊದಿದರು. ಸೀಳಿದ ಖರ್ಜೂರದ ಗರಿದಿಂಡಿನ ನಡುವೆ ಅದನ್ನು ಇಕ್ಕಳದಂತೆ ಸಿಕ್ಕಿಸಿ ಕಟ್ಟಿದರು. ಒಳಗೆ ಮರಿಹುಳುಗಳಿದ್ದವು. ಮೇಲೆ ಗುಂಪು ಇನ್ನೂ ಸುತ್ತುತ್ತಿತ್ತು. "ಖಲಾಸ್, ಹೋದವು" ಎಂದ ಸಲೀಂ, ಮೆಲ್ಲಗೆ. ಹುಮೈದ್ ಎರಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ನಾನು ಚೀಲ ಕಳಚಿ ಮರದ ಮೋಟುಕೊಂಬೆಗೆ ನೇತುಹಾಕಿ, ಅವರ ಮುಖ ಕಾಣದಷ್ಟು ದೂರ ಹೋಗಿ ಕುಳಿತೆ.

ಅರ್ಧ ಗಂಟೆಯಾಗಿರಬೇಕು. ಅವಲಕ್ಕಿಯನ್ನಾದರೂ ಕೊಡೋಣವೆಂದು ಎದ್ದು ಚೀಲದ ಬಳಿ ಹೋದೆ. ಮುಚ್ಚಳದ ಸೂರಿನ ಕೆಳಗೆ ಕೈ ಹಾಕಬೇಕು, ಅಲ್ಲಿ ನೆರಳೇ ಉಸಿರಾಡುತ್ತಿತ್ತು. ಹಲಸಿನ ತೊಳೆಯಷ್ಟು ದಪ್ಪಗೆ ನೊಣಗಳು ಒಂದನ್ನೊಂದು ಹಿಡಿದು ತೂಗುತ್ತಿದ್ದವು, ಸುತ್ತಲಿನವೂ ಬಂದು ಸೇರುತ್ತಿದ್ದವು.

"ಅಮ್ಮಿ!" ಎಂದೆ.

ಮುದುಕರು ಬಂದರು, ಬಗ್ಗಿದರು, ಮುಖವನ್ನು ಗೇಣು ದೂರಕ್ಕೆ ತಂದು ನೋಡಿದರು. ಆಮೇಲೆ ನಕ್ಕರು. ಇದ್ದ ನಾಲ್ಕು ಹಲ್ಲೂ ಕಾಣುವಂತೆ, ಮೈ ಕುಲುಕಿ, ನನ್ನ ಭುಜಕ್ಕೆ ಗುದ್ದುತ್ತ ನಕ್ಕರು. ರಾಣಿ ಅಲ್ಲಿದ್ದಾಳೆ, ಅವಳಿದ್ದಲ್ಲಿ ಉಳಿದವರು ಎಂದು ಸಲೀಂ ಕುಣಿಯುತ್ತ ವಿವರಿಸಿದ. ನಡುಗುವ ಆ ಕೈಗಳು ಎರಿಯನ್ನು ನೊಣಗಳ ಪಕ್ಕದಲ್ಲೇ ಚೀಲದ ಪಟ್ಟಿಗೆ ಬಿಗಿದವು. ಆಶ್ಚರ್ಯವೆಂದರೆ ಆಗ ನಡುಗಲಿಲ್ಲ.

ಬಿಸಿಲು ಇಳಿಯುವವರೆಗೆ ಕಾದೆವು. ಅವಲಕ್ಕಿ ಚೀಲದೊಳಗೇ ಇತ್ತು, ತೆಗೆಯುವ ಹಾಗಿಲ್ಲ. ಮುದುಕರು ಸೊಂಟದ ಬಟ್ಟೆಯಿಂದ ಖರ್ಜೂರ ಬಿಚ್ಚಿ ಹಂಚಿದರು. ಸಂಜೆ ಒಂದು ಕೋಲಿಗೆ ಚೀಲ ತೂಗುಹಾಕಿ, ಮುಂದಿನ ತುದಿ ನನ್ನ ಹೆಗಲಿಗೆ, ಹಿಂದಿನದು ಸಲೀಮನ ಹೆಗಲಿಗೆ. ಮುದುಕರು ಪಕ್ಕದಲ್ಲಿ ನಡೆಯುತ್ತ ನಾನು ಕಲ್ಲು ಎಡವಿದಾಗಲೆಲ್ಲ "ಶ್ವಯ್ಯ, ಶ್ವಯ್ಯ", ಮೆಲ್ಲಗೆ, ಮೆಲ್ಲಗೆ, ಎನ್ನುತ್ತಿದ್ದರು. ಬಾಣಂತಿಯನ್ನು ಮನೆಗೆ ಕರೆತರುವವರ ಹಾಗೆ ಊರು ಸೇರಿದೆವು. ಚೀಲವನ್ನು ಗವಿಯೊಳಗಿನ ಗೂಟಕ್ಕೆ ಇಳಿಬಿಟ್ಟೆವು. ಮರುದಿನ ಹುಮೈದ್ ಬರಿಗೈಯನ್ನು ಚೀಲದ ಪಕ್ಕದ ಜೇಬಿಗೆ ತೂರಿಸಿ ನನ್ನ ಕಾರಿನ ಬೀಗದ ಕೈ ತೆಗೆದುಕೊಟ್ಟರು. ಮಳೆಕೋಟು ಒಳಗೇ ಇದೆ.

"ಮುಬಾರಕ್" ಎಂದ ಸಲೀಂ, ಗವಿಯ ಬಾಯಲ್ಲಿ ನನ್ನ ಪಕ್ಕ ನಿಂತು. "ಚೀಲದ ಮನೆ ನಿನ್ನದು, ಬಂದು ಸೇರಿದವರು ಇವರು. ಈಗ ನೀನೇ ಇವರ ಕಫೀಲ್."

ಕಫೀಲ್ ಎಂದರೆ ನಮ್ಮಂಥವರು ಇಲ್ಲಿ ಇರುವುದಕ್ಕೆ ಹೊಣೆ ನಿಲ್ಲುವ, ಎಷ್ಟೋ ಸಲ ನಮ್ಮ ಪಾಸ್‌ಪೋರ್ಟನ್ನೂ ತನ್ನ ಕಪಾಟಿನಲ್ಲೇ ಇಟ್ಟುಕೊಳ್ಳುವ ಧಣಿ. ಹತ್ತೊಂಬತ್ತು ವರ್ಷ ಒಬ್ಬ ಕಫೀಲನ ಕೆಳಗೆ ಬದುಕಿದ ನನಗೆ ಒಂದೇ ಸಂಜೆಯಲ್ಲಿ ಸಾವಿರಾರು ಮಂದಿಯ ಜವಾಬ್ದಾರಿ ಬಂತು. ಜೇನು ಈಗ ಹೊಸ ಎರಿ ಕಟ್ಟಿದೆಯಂತೆ, ಹುಮೈದ್ ಕಾಫಿಯ ಲೋಟವನ್ನು ಗವಿಯ ಹತ್ತಿರಕ್ಕೇ ತರಿಸಿಕೊಳ್ಳುತ್ತಾರಂತೆ. ಎರಡು ವಾರಕ್ಕೊಮ್ಮೆ ನಾನೂ ಇಬ್ರಿಯ ದಾರಿ ಹಿಡಿಯುತ್ತೇನೆ. "ಅವು ಮತ್ತೆ ಎದ್ದು ಹೋದರೆ ಎಂತ ಮಾಡ್ತೀರಿ?" ಎಂದು ಶಶಿಕಲಾ ಮೊನ್ನೆ ಕೇಳಿದಳು. ಹೋಗಲಿ. ಇರುವಷ್ಟು ದಿನ ನೆರಳು ಕೊಡುವುದು ನನ್ನ ಕೆಲಸ. ಅವುಗಳ ಪಾಸ್‌ಪೋರ್ಟನ್ನು ನಾನು ತೆಗೆದಿಟ್ಟುಕೊಂಡಿಲ್ಲ.