ಹೆಣ್ಣುತೋಳದ ಹಾಡಿಗೆ ನಾನು ಬರೆದ ಕೊನೆ

ಗದಗ ಜಿಲ್ಲೆಯಾದ ಹೊಸದರಲ್ಲಿ ಎಲ್ಲರಿಗೂ ಏನಾದರೂ ಮಾಡುವ ಹುರುಪು. ಲಕ್ಷ್ಮೇಶ್ವರದಲ್ಲಿ ಚಿತ್ರಕಲೆ ಮಾಸ್ತರನಾಗಿದ್ದ ನಾನು, ನಮ್ಮ ಸೀಮೆಯ ಹಾಡೊಂದನ್ನು ಮಕ್ಕಳ ಚಿತ್ರಪುಸ್ತಕ ಮಾಡುತ್ತೇನೆಂದು ಊರೆಲ್ಲ ಹೇಳಿಕೊಂಡು ತಿರುಗಿದೆ.

ಹಾಡು ಇದ್ದದ್ದು ಶಿಗ್ಲಿಯಲ್ಲಿ, ಗಾದಿ ಮಾಡುವ ಪಿಂಜಾರರ ಮನೆಯ ಅಜ್ಜಿಯ ಬಾಯಲ್ಲಿ. ಮರಿಗಳನ್ನು ಕಳೆದುಕೊಂಡ ಹೆಣ್ಣುತೋಳ ಕಪ್ಪತಗುಡ್ಡದಲ್ಲಿ ದಾರಿ ತಪ್ಪಿದ ಕುರಿಮರಿಗೆ ಹಾಲೂಡಿಸಿ ಸಾಕುತ್ತದೆ. ಒಂದು ದಿನ ಕುರುಬ ಹುಡುಕಿಕೊಂಡು ಬರುತ್ತಾನೆ. ಮರಿ ಇಬ್ಬರ ನಡುವೆ ನಿಲ್ಲುತ್ತದೆ. ಅಷ್ಟರಲ್ಲಿ ಅಜ್ಜಿಯ ಬೀಸುಕಲ್ಲಿನಲ್ಲಿ ಜೋಳ ಮುಗಿಯಿತು, ಹಾಡೂ ನಿಂತಿತು.

"ಮುಂದ ಏನಾತ್ರಿ?" ಎಂದೆ.

"ಬರೇ ಕಲ್ಲ ತಿರುವಬಾರದ್ರಿ ಮಾಸ್ತರ. ಕಲ್ಲ ತಿರಗಲಿಲ್ಲಂದ್ರ ನನಗ ಹಾಡ ನೆನಪಾಗಂಗಿಲ್ಲ. ಐತವಾರ ಬರ್ರಿ, ಮತ್ತ ಬೀಸಾಕ ಕುಂಡ್ರತೀನಿ."

ಭಾನುವಾರಕ್ಕೆ ನಾಲ್ಕೇ ದಿನವಿತ್ತು. ಕೇಳಿದ್ದರೆ ಗದಗಿನ ಮುದ್ರಕರು ಕಾಯುತ್ತಿದ್ದರು. ನಾನು ಕೇಳಲಿಲ್ಲ, ಕಾಯುವುದು ನನ್ನ ಜಾಯಮಾನವೇ ಅಲ್ಲ. ಕೊನೆ ತಾನೆ, ನಾನೇ ಬರೆದರಾಯಿತು ಅಂದುಕೊಂಡೆ. ಮರಿ ಕುರುಬನ ಹೆಗಲೇರಿ ಮನೆಗೆ ಹೋಗುತ್ತದೆ, ತೋಳ ಗುಡ್ಡದ ಮೇಲೆ ನಿಂತು ಬಾಲ ಆಡಿಸುತ್ತದೆ. ಎಲ್ಲರೂ ಮೆಚ್ಚಿದ್ದು ಆ ಚಿತ್ರವನ್ನೇ. ಮುಂಡರಗಿ, ಶಿರಹಟ್ಟಿಯ ಶಾಲೆಗಳಿಗೂ ಪುಸ್ತಕ ಹೋಯಿತು. ನಾನು ಉಬ್ಬಿಹೋದೆ.

ಕೆಲವು ತಿಂಗಳು ಬಿಟ್ಟು ಅಜ್ಜಿಗೊಂದು ಪ್ರತಿ ಒಯ್ದೆ. ಅವರಿಗೆ ಓದು ಬರದು. ತೋಳದ ಮುಖದ ಮೇಲೆ ಬೆರಳಾಡಿಸಿ ನಕ್ಕರು. ಉಳಿದ ಹಾಡು ಕೇಳಿಸುತ್ತೇನೆಂದು, ನಾನು ಕೇಳದಿದ್ದರೂ, ಒಂದು ಮೊರ ಜೋಳ ತಂದುಕೊಂಡು ಬೀಸಲು ಕೂತರು. ಮರಿ ನಡುವೆ ನಿಂತಲ್ಲಿಗೆ ಹಾಡು ಬಂತು. ಮುಂದಿನ ಸಾಲು ಎತ್ತಿದ್ದೇ ತಡ, ಮೂರನೇ ಇಯತ್ತೆಯ ಮೊಮ್ಮಗಳು ಅಜ್ಜಿಯನ್ನು ತಡೆದಳು.

"ಹಂಗಲ್ಲ ದಾದಿ. ಪುಸ್ತಕದಾಗ ಮರಿ ಮನಿಗಿ ಹೋಗತೈತಿ. ನಮ್ಮ ಶಾಲ್ಯಾಗ ಬಾಯಿಪಾಠ ಮಾಡಸ್ಯಾರ."

ಅಜ್ಜಿ ಕಲ್ಲು ನಿಲ್ಲಿಸಿ ನನ್ನತ್ತ ನೋಡಿದರು. "ಹಂಗೇನ್ರಿ ಮಾಸ್ತರ?"

ಅದು ನಾನು ಕಟ್ಟಿದ್ದು, ನಿಮ್ಮದೇ ಖರೆ ಎನ್ನಬೇಕಿತ್ತು. ಆ ಹುಡುಗಿಯ ಎದುರು ನನಗೆ ನಾಚಿಕೆಯಾಯಿತು. "ಹೌದ್ರಿ" ಎಂದುಬಿಟ್ಟೆ. ಆ ಒಂದು ಮಾತಿಗೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

"ಆತ ಬಿಡ್ರಿ. ಅಚ್ಚ ಹಾಕಿದ್ದು ಖರೆ ಇರತೈತಿ. ನಮ್ಮವ್ವನೇ ನನಗ ತಪ್ಪ ಕಲಿಸಿರಬೇಕು."

ಆಮೇಲೆ ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ನಾನು ಒಂದು ಮಧ್ಯಾಹ್ನ ಗೀಚಿದ ಸಾಲುಗಳನ್ನು ಅವಳ ಹಿಂದೆ ಒಂದೊಂದಾಗಿ ಹೇಳಿ, ತಪ್ಪಿದಲ್ಲಿ ಮತ್ತೆ ಕೇಳಿ ಕಲಿತರು.